ನಾಳೆಯ ಬಗ್ಗೆ ಊರನ್ನು ಮಾತಾಡಿಸುವ ಪ್ರದರ್ಶನಗಳು: ಅವು ಕೆಲಸ ಮಾಡುವುದು ಹೇಗೆ?

2017ರ ನವೆಂಬರ್‌ನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2031ರ ಪರಿಷ್ಕೃತ ನಗರ ಯೋಜನೆಯ ಕರಡನ್ನು ಪ್ರಕಟಿಸಿ, ಸಾರ್ವಜನಿಕರು ಆಕ್ಷೇಪಣೆ ಮತ್ತು ಸಲಹೆ ಸಲ್ಲಿಸಬಹುದು ಎಂದು ತಿಳಿಸಿತು. 2031ರ ಹೊತ್ತಿಗೆ ನಗರದ ಜನಸಂಖ್ಯೆ ಎರಡು ಕೋಟಿ ದಾಟುತ್ತದೆ ಎಂಬುದು ಆ ಕರಡಿನ ಅಂದಾಜಾಗಿತ್ತು. ಯಾವ ಬೀದಿಯಲ್ಲಿ ಮನೆ, ಯಾವ ಬೀದಿಯಲ್ಲಿ ಅಂಗಡಿ, ಕೆರೆಯ ಸುತ್ತ ಎಷ್ಟು ಜಾಗ ಖಾಲಿ ಬಿಡಬೇಕು, ಯಾವ ರಸ್ತೆ ಅಗಲವಾಗಬೇಕು ಎಂಬುದನ್ನೆಲ್ಲ ನಿರ್ಧರಿಸುವ ದಾಖಲೆ ಅದು. ಸಾವಿರಾರು ಆಕ್ಷೇಪಣೆಗಳು ಬಂದವು. ಆದರೆ ಬಣ್ಣ ಬಣ್ಣದ ವಲಯ ನಕ್ಷೆಗಳನ್ನು ಓದಿ, ತಮ್ಮ ಬದುಕು ಹೇಗೆ ಬದಲಾಗುತ್ತದೆ ಎಂದು ಕಲ್ಪಿಸಿಕೊಂಡು ಬರೆಯಬಲ್ಲವರು ನಗರದ ಜನಸಂಖ್ಯೆಯಲ್ಲಿ ಎಷ್ಟು ಮಂದಿ ಇದ್ದಾರು? ಆ ಕರಡು ಕೊನೆಗೂ ಜಾರಿಗೆ ಬರಲಿಲ್ಲ. 2020ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋದ ಮೇಲೆ ಅದೇ ಪ್ರಶ್ನೆ ಮತ್ತೆ ಎದ್ದಿದೆ. ಈ ಊರು ಮುಂದೆ ಹೇಗಿರಬೇಕು? ಅದನ್ನು ಜನರನ್ನು ಕೇಳುವುದು ಹೇಗೆ?

ಮನೆ ಕಟ್ಟಿಸಿದವರಿಗೆ ಈ ಕಷ್ಟದ ಬೇರು ಎಲ್ಲಿದೆ ಎಂದು ಗೊತ್ತು. ಎಂಜಿನಿಯರ್ ಕೊಟ್ಟ ನಕ್ಷೆ ತಿಂಗಳುಗಟ್ಟಲೆ ಮೇಜಿನ ಮೇಲೆ ಬಿದ್ದಿದ್ದರೂ ಮನೆಯವರು ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಮೇಸ್ತ್ರಿ ನಿವೇಶನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದ ದಿನ ಎಲ್ಲರೂ ಆ ಗೆರೆಗಳ ನಡುವೆ ಓಡಾಡುತ್ತಾರೆ. ಆಗ ಅಜ್ಜಿ, ರಾತ್ರಿ ಹೊತ್ತು ಬಚ್ಚಲಿಗೆ ಇಷ್ಟು ದೂರ ನಡೆಯಬೇಕೇ ಎಂದು ಕೇಳುತ್ತಾರೆ. ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಿಂತು ಕೆಲಸ ಮಾಡಲಾಗದು ಎಂದು ಸೊಸೆಗೆ ಹೊಳೆಯುತ್ತದೆ. ಅಳತೆಗಳು ನಕ್ಷೆಯಲ್ಲೂ ಅವೇ ಇದ್ದವು. ಮೈ ಒಳಗೆ ಹೊಕ್ಕಾಗ ಮಾತ್ರ ಅವು ಮಾತಾದವು.

ಒಂದು ಸಮಾಜದ ಮುಂದಿನ ಮೂವತ್ತು, ನಲವತ್ತು ವರ್ಷಗಳಿಗೆ ಇಂಥ ಸುಣ್ಣದ ಗೆರೆ ಎಳೆಯಲು ಸಾಧ್ಯವೇ? ಜಗತ್ತಿನ ಹಲವು ಕಡೆ ವಿನ್ಯಾಸಕಾರರು, ವಸ್ತುಸಂಗ್ರಹಾಲಯಗಳು, ವಿಶ್ವವಿದ್ಯಾಲಯಗಳು ಅದನ್ನೇ ಮಾಡಲು ಯತ್ನಿಸುತ್ತಿವೆ. ಭಾಗವಹಿಸಿ ನೋಡುವ ಪ್ರದರ್ಶನ ಅವರು ಬಳಸುವ ಸಾಧನ. ಬೆಂಗಳೂರಿನಲ್ಲೂ ಈಗ ಅದಕ್ಕೊಂದು ಜಾಗವಿದೆ. ಆದ್ದರಿಂದ ಅದು ಏನು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ಮೊದಲು ಮೂರು ಪದಗಳು

ಭಾಗವಹಿಸಿ ನೋಡುವ ಪ್ರದರ್ಶನವೆಂದರೆ ನೋಡುಗರು ಏನನ್ನಾದರೂ ಮಾಡಿದಾಗ ಮಾತ್ರ ಪೂರ್ತಿಯಾಗುವ ಪ್ರದರ್ಶನ. ಅವರು ಮುಟ್ಟಬಹುದು, ಮೂಸಬಹುದು, ಆಯ್ಕೆ ಮಾಡಬಹುದು, ಬರೆದು ಅಂಟಿಸಬಹುದು, ಎದುರಿನವರೊಡನೆ ವಾದಿಸಬಹುದು. ಗಾಜಿನ ಪೆಟ್ಟಿಗೆಯೊಳಗಿನ ಶಿಲ್ಪವನ್ನು ಯಾರೂ ನೋಡದಿದ್ದರೂ ಅದು ಶಿಲ್ಪವೇ. ಇಲ್ಲಿ ಹಾಗಲ್ಲ; ಯಾರೂ ಬಾರದ ದಿನ ಪ್ರದರ್ಶನವೇ ಅರ್ಧ ಇಲ್ಲದಂತೆ.

ಎರಡನೆಯದು ಸನ್ನಿವೇಶ. ಭವಿಷ್ಯವನ್ನು ಅಧ್ಯಯನ ಮಾಡುವವರು ಹೀಗೇ ಆಗುತ್ತದೆ ಎಂದು ಹೇಳುವುದಿಲ್ಲ. ಈಗಿನ ಪ್ರವೃತ್ತಿಗಳನ್ನು ಹಿಡಿದು, ಇದು ಹೀಗೆ ಸಾಗಿದರೆ ಏನಾದೀತು, ನಡುವೆ ಮುರಿದರೆ ಏನಾದೀತು ಎಂದು ಹಲವು ಚಿತ್ರಗಳನ್ನು ಕಟ್ಟುತ್ತಾರೆ. ಅಂಥ ಪ್ರತಿಯೊಂದು ಚಿತ್ರವೂ ಒಂದು ಸನ್ನಿವೇಶ. ಹವಾಯಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಈ ವಿಷಯ ಕಲಿಸಿದ ಜಿಮ್ ಡೇಟರ್ ಅವರು ಭವಿಷ್ಯದ ಕುರಿತು ಜನ ಹೇಳುವ ಕಥೆಗಳೆಲ್ಲ ನಾಲ್ಕು ಬಗೆಯಲ್ಲಿ ಅಡಗುತ್ತವೆ ಎಂದು ಗುರುತಿಸಿದರು: ಈಗಿನ ಬೆಳವಣಿಗೆಯೇ ಮುಂದುವರಿಯುವುದು, ವ್ಯವಸ್ಥೆ ಕುಸಿಯುವುದು, ಕುಸಿಯದಂತೆ ಸಮಾಜ ಕಟ್ಟುನಿಟ್ಟು ಹಾಕಿಕೊಳ್ಳುವುದು, ಇಲ್ಲವೇ ಮನುಷ್ಯರ ಬದುಕೇ ಗುರುತು ಸಿಗದಷ್ಟು ಮಾರ್ಪಡುವುದು. ನಮ್ಮ ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ನಾಳೆಯ ಬಗ್ಗೆ ನಡೆಯುವ ಮಾತುಗಳನ್ನು ಒಮ್ಮೆ ಈ ನಾಲ್ಕರಲ್ಲಿ ಹಂಚಿ ನೋಡಿ. ಬಹುತೇಕ ಎಲ್ಲವೂ ಮೊದಲ ಎರಡರಲ್ಲೇ ಬೀಳುತ್ತವೆ.

ಮೂರನೆಯದು ಊಹಾ ವಿನ್ಯಾಸ. ಸಾಮಾನ್ಯ ವಿನ್ಯಾಸಕಾರರು ಅಂಗಡಿಯಲ್ಲಿ ಮಾರಲು ಕುರ್ಚಿ, ಫೋನು, ಲೋಟಗಳನ್ನು ರೂಪಿಸುತ್ತಾರೆ. ಊಹಾ ವಿನ್ಯಾಸಕಾರರು ಇನ್ನೂ ಬಾರದ ಕಾಲದ ಕುರ್ಚಿ, ಪಡಿತರ ಚೀಟಿ, ದಿನಪತ್ರಿಕೆಗಳನ್ನು ರೂಪಿಸುತ್ತಾರೆ. ಅವು ಮಾರಾಟಕ್ಕಲ್ಲ. ಇಂಥದ್ದು ಇರುವ ಜಗತ್ತಿನಲ್ಲಿ ನಾನು ಬದುಕಬಲ್ಲೆನೇ, ಬದುಕಬೇಕೇ ಎಂದು ನೋಡುಗರು ತಮ್ಮನ್ನೇ ಕೇಳಿಕೊಳ್ಳಬೇಕು ಎಂಬುದಷ್ಟೇ ಅವುಗಳ ಉದ್ದೇಶ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಆಂಟನಿ ಡನ್ ಮತ್ತು ಫಿಯೋನಾ ರಾಬಿ ಈ ದಾರಿಯನ್ನು ಬೆಳೆಸಿದರು. ಇಂದು ಈ ಕ್ಷೇತ್ರದಲ್ಲಿರುವ ಹಲವರು ಅವರ ಶಿಷ್ಯರು.

ಭವಿಷ್ಯ ತೋರಿಸಿದರೆ ಸಾಕೇ? 1939ರ ಪಾಠ

ನಾಳೆಯನ್ನು ಪ್ರದರ್ಶನಕ್ಕಿಡುವುದು ಹೊಸದೇನಲ್ಲ. 1939ರಲ್ಲಿ ನ್ಯೂಯಾರ್ಕ್‌ನ ವಿಶ್ವ ಮೇಳದಲ್ಲಿ ಜನ ಅತಿ ಉದ್ದದ ಸರತಿಯಲ್ಲಿ ನಿಂತದ್ದು 'ಫ್ಯುಚುರಾಮಾ' ನೋಡಲು. ನಾರ್ಮನ್ ಬೆಲ್ ಗೆಡ್ಡೆಸ್ ಎಂಬ ರಂಗ ವಿನ್ಯಾಸಕಾರರು ರೂಪಿಸಿದ, ಸುಮಾರು 35,000 ಚದರ ಅಡಿಯ ಮಾದರಿ ಭೂದೃಶ್ಯ ಅದು. ಲಕ್ಷಗಟ್ಟಲೆ ಪುಟಾಣಿ ಕಟ್ಟಡಗಳು, ಮರಗಳು, ಓಡಾಡುವ ಕಾರುಗಳು ಅದರಲ್ಲಿದ್ದವು. ನೋಡುಗರು ಚಲಿಸುವ ಆಸನಗಳಲ್ಲಿ ಕುಳಿತು 1960ರ ಅಮೆರಿಕದ ಮೇಲೆ ಹಾರಿದಂತೆ ಸಾಗುತ್ತಿದ್ದರು. ಆಸನಕ್ಕೆ ಜೋಡಿಸಿದ ಧ್ವನಿವರ್ಧಕವೊಂದು ಏನು ನೋಡಬೇಕೆಂದು ಹೇಳುತ್ತಿತ್ತು. ಅಗಲವಾದ ಹೆದ್ದಾರಿಗಳು, ಎತ್ತರದ ಕಟ್ಟಡಗಳು, ಎಲ್ಲೆಡೆ ಕಾರು. ಹೊರಬರುವಾಗ 'ನಾನು ಭವಿಷ್ಯ ನೋಡಿದ್ದೇನೆ' ಎಂಬ ಬಿಲ್ಲೆಯನ್ನು ಕೈಗಿಡುತ್ತಿದ್ದರು. ಹಣ ಹಾಕಿದ್ದು ಜನರಲ್ ಮೋಟಾರ್ಸ್ ಎಂಬ ಕಾರು ಕಂಪನಿ.

ಕುಶಲತೆಯ ದೃಷ್ಟಿಯಿಂದ ಅದು ಅಸಾಧಾರಣ ಕೆಲಸ. ಆದರೆ ಆ ಆಸನವನ್ನು ಗಮನಿಸಿ. ಅದು ನಿಲ್ಲುವುದಿಲ್ಲ, ಹಿಂದಕ್ಕೆ ಬರುವುದಿಲ್ಲ. ಧ್ವನಿ ಒಂದೇ. ಭವಿಷ್ಯವೂ ಒಂದೇ. ಪಕ್ಕದಲ್ಲಿ ಕುಳಿತವರೊಡನೆ, ಕಾರಿಲ್ಲದವರು ಈ ಊರಿನಲ್ಲಿ ರಸ್ತೆ ದಾಟುವುದು ಹೇಗೆ ಎಂದು ಕೇಳಲು ಅಲ್ಲಿ ಬಿಡುವೇ ಇರಲಿಲ್ಲ. 1956ರಲ್ಲಿ ಅಮೆರಿಕದ ಅಂತರರಾಜ್ಯ ಹೆದ್ದಾರಿಗಳ ಕಾನೂನು ಬಂತು. ಅದಕ್ಕೆ ಈ ಪ್ರದರ್ಶನವೇ ಕಾರಣ ಎನ್ನುವುದು ಉತ್ಪ್ರೇಕ್ಷೆ. ಆದರೆ ಆ ಹೊತ್ತಿಗೆ ಒಂದು ತಲೆಮಾರಿನ ಕಣ್ಣಿಗೆ ಆ ಚಿತ್ರ ಪರಿಚಿತವಾಗಿತ್ತು ಎಂಬುದು ನಿಜ. ಭವಿಷ್ಯದ ಪ್ರದರ್ಶನಕ್ಕೆ ಎಷ್ಟು ಬಲವಿದೆ ಎಂಬುದಕ್ಕೂ, ಚರ್ಚೆಯಿಲ್ಲದ ಪ್ರದರ್ಶನ ಏಕೆ ಅಪಾಯಕಾರಿ ಎಂಬುದಕ್ಕೂ ಫ್ಯುಚುರಾಮಾ ಉದಾಹರಣೆ.

ನಾಲ್ಕು ಕೋಣೆಗಳ ಹವಾಯಿ

ಅದಕ್ಕೆ ತದ್ವಿರುದ್ಧವಾದ ಪ್ರಯೋಗ ನಡೆದದ್ದು 2006ರ ಆಗಸ್ಟ್‌ನಲ್ಲಿ, ಹೊನೊಲುಲುವಿನಲ್ಲಿ. ಹವಾಯಿ ರಾಜ್ಯವು 2050ರವರೆಗಿನ ಸುಸ್ಥಿರತೆಯ ಯೋಜನೆ ತಯಾರಿಸಲು ಹೊರಟಿತ್ತು. ಅದರ ಆರಂಭದ ಸಭೆಗೆ ಐನೂರಕ್ಕೂ ಹೆಚ್ಚು ಜನ ಬಂದಿದ್ದರು. ಸಾಮಾನ್ಯವಾಗಿ ಇಂಥ ಸಭೆಯಲ್ಲಿ ಏನಾಗುತ್ತದೆ ಎಂದು ನಮಗೆ ಗೊತ್ತು: ವೇದಿಕೆ, ಭಾಷಣ, ಪರದೆಯ ಮೇಲೆ ನಕ್ಷೆ, ಕೊನೆಗೆ ಪ್ರಶ್ನೆಗಳಿಗೆ ಹತ್ತು ನಿಮಿಷ. ಡೇಟರ್ ಮತ್ತು ಅವರ ಜೊತೆಗಿದ್ದ ಸ್ಟುವರ್ಟ್ ಕ್ಯಾಂಡಿ, ಜೇಕ್ ಡನಗನ್ ಮುಂತಾದ ಕಿರಿಯರು ಬೇರೆ ದಾರಿ ಹಿಡಿದರು. ಆ ನಾಲ್ಕು ಬಗೆಯ ಭವಿಷ್ಯಗಳನ್ನು ನಾಲ್ಕು ಕೋಣೆಗಳಾಗಿ ಕಟ್ಟಿ, ನಟರನ್ನು ಇಟ್ಟು, ಜನರನ್ನು ಒಳಗೆ ಕಳಿಸಿದರು.

ಅವುಗಳಲ್ಲಿ ಮೂರನ್ನು ನೋಡಿ. ಬೆಳವಣಿಗೆ ಮುಂದುವರಿದ ಕೋಣೆಯಲ್ಲಿ ಜನ 2050ರ ಚುನಾವಣೆಯ ಮತದಾರರು. ಅಮೆರಿಕದಲ್ಲಿ ಜನರೇ ಆರಿಸುವ ರಾಜ್ಯಪಾಲರ ಹುದ್ದೆಗೆ ಕಂಪನಿಗಳೇ ಸ್ಪರ್ಧಿಸಿ ಎದುರಿಗೆ ನಿಂತು ಮತ ಕೇಳುತ್ತಿದ್ದವು. ಕುಸಿತದ ಕೋಣೆಯಲ್ಲಿ ಅವರು ನಿರಾಶ್ರಿತರು. ಸೈನಿಕರ ಕಾವಲಿನಲ್ಲಿ ಹೊಸ ನಾಡಿನ ಪೌರತ್ವದ ಪ್ರಮಾಣ ಸ್ವೀಕರಿಸಬೇಕಿತ್ತು. ಕಟ್ಟುನಿಟ್ಟಿನ ಕೋಣೆಯಲ್ಲಿ ಅವರು ಮಿತವಾಗಿ ಬದುಕುವುದನ್ನು ಕಲಿಸುವ ಕಡ್ಡಾಯ ತರಗತಿಯ ವಿದ್ಯಾರ್ಥಿಗಳು. ಯಾವ ಕೋಣೆಯಲ್ಲೂ ಇದು ಒಳ್ಳೆಯದು, ಇದು ಕೆಟ್ಟದ್ದು ಎಂಬ ಫಲಕವಿರಲಿಲ್ಲ. ಕೋಣೆಯಿಂದ ಹೊರಬಂದವರು ಸಣ್ಣ ಗುಂಪುಗಳಲ್ಲಿ ಕುಳಿತು ಮಾತಾಡಿದರು.

ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಒಂದು, ಭವಿಷ್ಯ ಬಹುವಚನವಾಯಿತು. ಒಂದೇ ಚಿತ್ರ ತೋರಿಸಿದರೆ ಜನ ಒಪ್ಪುತ್ತಾರೆ ಇಲ್ಲವೇ ತಿರಸ್ಕರಿಸುತ್ತಾರೆ; ಎರಡು, ಮೂರು ತೋರಿಸಿದರೆ ಹೋಲಿಸುತ್ತಾರೆ. ಹೋಲಿಸುವವರು ಕಾರಣ ಕೊಡಬೇಕಾಗುತ್ತದೆ, ಕಾರಣ ಕೊಡುವುದೆಂದರೆ ಚರ್ಚೆ ಶುರುವಾದಂತೆಯೇ. ಇನ್ನೊಂದು, ಜನರಿಗೆ ಒಂದು ಪಾತ್ರ ಸಿಕ್ಕಿತು. ಹವಾಮಾನ ಬದಲಾವಣೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರೆ ಪತ್ರಿಕೆಯಲ್ಲಿ ಓದಿದ ವಾಕ್ಯವೇ ನಾಲಿಗೆಗೆ ಬರುತ್ತದೆ. ಎದುರಿಗೆ ನಿಂತ ಸೈನಿಕ ಪ್ರಮಾಣ ವಚನ ಓದು ಎಂದಾಗ ಓದಬೇಕೋ ಬೇಡವೋ ಎಂಬುದಕ್ಕೆ ಸಿದ್ಧ ಉತ್ತರವಿಲ್ಲ. ಕ್ಯಾಂಡಿ ಮುಂದೆ ಇದನ್ನೇ ತಮ್ಮ ಅಧ್ಯಯನದ ವಿಷಯವಾಗಿ ಬೆಳೆಸಿ, ಅನುಭವಿಸಬಹುದಾದ ಭವಿಷ್ಯಗಳು ಎಂಬ ಹೊಸ ಶಾಖೆಗೇ ಅಡಿಪಾಯ ಹಾಕಿದರು.

ಒಂದು ಉಸಿರು ಗಾಳಿ

ಅಂಕಿಅಂಶ ಮಾಡಲಾಗದ್ದನ್ನು ವಸ್ತು ಏಕೆ ಮಾಡುತ್ತದೆ ಎಂಬುದಕ್ಕೆ ಅನಾಬ್ ಜೈನ್ ಹೇಳಿದ ಘಟನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಭಾರತದಲ್ಲಿ ಹುಟ್ಟಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದಿದ ಅವರು 2009ರಲ್ಲಿ ಜಾನ್ ಆರ್ಡರ್ನ್ ಜೊತೆಗೂಡಿ ಲಂಡನ್ನಿನಲ್ಲಿ 'ಸೂಪರ್‌ಫ್ಲಕ್ಸ್' ಎಂಬ ಸ್ಟುಡಿಯೋ ಕಟ್ಟಿದರು. ಸಂಯುಕ್ತ ಅರಬ್ ಎಮಿರೇಟ್ಸ್ ಸರ್ಕಾರ 2050ರವರೆಗಿನ ತನ್ನ ಇಂಧನ ನೀತಿ ರೂಪಿಸಲು ಅವರ ನೆರವು ಕೇಳಿತ್ತು. ಸ್ಟುಡಿಯೋ ಒಂದು ದೊಡ್ಡ ನಗರ ಮಾದರಿಯನ್ನು ಕಟ್ಟಿ, ಸರ್ಕಾರದ ಅಂಕಿಅಂಶಗಳ ಆಧಾರದಲ್ಲಿ ಹಲವು ಭವಿಷ್ಯಗಳನ್ನು ಅದರ ಮೇಲೆ ತೋರಿಸಿತು. ಅಧಿಕಾರಿಗಳು, ಇಂಧನ ಕಂಪನಿಯವರು ನೋಡುತ್ತಿದ್ದಾಗ ಅವರಲ್ಲೊಬ್ಬರು, ಜನ ಕಾರು ಬಿಟ್ಟು ಸಾರ್ವಜನಿಕ ಸಾರಿಗೆ ಹಿಡಿಯುತ್ತಾರೆಂದು ಊಹಿಸಲೂ ಆಗದು, ನನ್ನ ಮಗನಿಗೇ ಕಾರು ಓಡಿಸಬೇಡ ಎನ್ನಲಾರೆ ಎಂದರಂತೆ.

ಸ್ಟುಡಿಯೋ ಇದನ್ನು ನಿರೀಕ್ಷಿಸಿತ್ತು. ಈಗಿನ ರೂಢಿಗಳು ಹೀಗೇ ಮುಂದುವರಿದರೆ 2030ರಲ್ಲಿ ಗಾಳಿ ಹೇಗಿರಬಹುದು ಎಂಬುದರ ಮಾದರಿಗಳನ್ನು ಭಾರತದ ರಸಾಯನ ಪ್ರಯೋಗಾಲಯವೊಂದರ ವಿಜ್ಞಾನಿಗಳ ಜೊತೆ ಸೇರಿ ಮೊದಲೇ ತಯಾರಿಸಿಟ್ಟುಕೊಂಡಿತ್ತು. ಜೈನ್ ಆ ಗುಂಪನ್ನು ಆ ಗಾಳಿ ಹೊಮ್ಮುವ ಉಪಕರಣದ ಬಳಿಗೆ ಕರೆದೊಯ್ದು ಉಸಿರಾಡಲು ಹೇಳಿದರು. ಒಂದೇ ಉಸಿರು ಸಾಕಾಯಿತು. ಮರುದಿನ ಸರ್ಕಾರ ನವೀಕರಿಸಬಹುದಾದ ಇಂಧನದಲ್ಲಿ ಭಾರಿ ಹೂಡಿಕೆ ಘೋಷಿಸಿತು ಎಂದು 2017ರ ಟೆಡ್ ಭಾಷಣದಲ್ಲಿ ಅವರು ಹೇಳಿದ್ದಾರೆ. ಆ ನಿರ್ಧಾರದಲ್ಲಿ ತಮ್ಮ ಪ್ರದರ್ಶನದ ಪಾಲು ಎಷ್ಟೆಂದು ತಮಗೆ ತಿಳಿಯದು ಎಂದೂ ಅದೇ ಭಾಷಣದಲ್ಲಿ ಸೇರಿಸಿದ್ದಾರೆ. ಇಂಥ ಕೆಲಸವನ್ನು ಹೊಗಳುವವರು ಆ ಎರಡನೆಯ ಮಾತನ್ನೂ ಜೊತೆಗೇ ಹೇಳಬೇಕು.

ಅದೇ ಸ್ಟುಡಿಯೋ 2017ರಲ್ಲಿ ಬಾರ್ಸಿಲೋನಾದ ಸಮಕಾಲೀನ ಸಂಸ್ಕೃತಿ ಕೇಂದ್ರದಲ್ಲಿ 2050ರ ಲಂಡನ್ನಿನ ಒಂದು ಮನೆಯನ್ನೇ ಕಟ್ಟಿತು. ಹವಾಮಾನದ ಏರುಪೇರಿನಿಂದ ದೇಶದೇಶಗಳ ನಡುವಿನ ಆಹಾರ ಸಾಗಣೆ ತುಂಡಾಗಿರುವ ಕಾಲ ಅದು. ನೋಡುಗರು ಕೋಣೆಯೊಳಗೆ ಹೋಗಬಹುದು. ಗೋಡೆಯುದ್ದಕ್ಕೂ ಕಪಾಟಿನಲ್ಲಿ ಕೆಂಪು ನೇರಳೆ ದೀಪಗಳಡಿ ಬೆಳೆಯುತ್ತಿರುವ ಸೊಪ್ಪು, ಗುಜರಿ ಎಲೆಕ್ಟ್ರಾನಿಕ್ ಭಾಗಗಳಿಂದ ಜೋಡಿಸಿದ, ಬೇರಿಗೆ ನೀರಿನ ಮಂಜು ಚಿಮುಕಿಸುವ ಯಂತ್ರಗಳು, ಹೊಸ ಕಾಲಕ್ಕೆ ಹೊಂದುವ ಅಡುಗೆ ಪುಸ್ತಕಗಳು, ಆ ದಿನದ ಪತ್ರಿಕೆ, ಕಿಟಕಿಯಾಚೆ ಊರಿನ ನೋಟ. ಆ ಯಂತ್ರಗಳು ಬರೀ ರಂಗಸಜ್ಜಿಕೆಯಲ್ಲ. ಸ್ಟುಡಿಯೋ ಅವನ್ನು ನಿಜವಾಗಿ ಕಟ್ಟಿ, ಗಿಡ ಬೆಳೆಸಿ ನೋಡಿತ್ತು. ಮುಂದೆ 2019ರಲ್ಲಿ ಸಿಂಗಪುರದ ಆರ್ಟ್‌ಸೈನ್ಸ್ ಮ್ಯೂಸಿಯಂಗೆ ಇದೇ ಕೃತಿ ಹೋದಾಗ ಅದು ಲಂಡನ್ನಿನ ಮನೆಯಾಗಿ ಉಳಿಯಲಿಲ್ಲ, 2219ರ ಸಿಂಗಪುರದ ಮನೆಯಾಯಿತು. ಇನ್ನೊಬ್ಬರ ಊರಿನ ನಾಳೆಯನ್ನು ಜನ ಸಿನಿಮಾದಂತೆ ನೋಡಿ ಮರೆಯುತ್ತಾರೆ ಎಂಬುದು ಈ ಕ್ಷೇತ್ರದವರಿಗೆ ಚೆನ್ನಾಗಿ ಗೊತ್ತು.

ಆ ಮನೆಯಲ್ಲಿ ದುರಂತದ ದೃಶ್ಯವೇನೂ ಇಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಯಾರೋ ಅಲ್ಲಿ ಬದುಕುತ್ತಿದ್ದಾರೆ, ಅಡುಗೆ ಮಾಡುತ್ತಿದ್ದಾರೆ. ಭಯ ಹುಟ್ಟಿಸುವ ಪ್ರದರ್ಶನದಿಂದ ಜನ ಬೇಗ ಹೊರಗೆ ನಡೆಯುತ್ತಾರೆ. ಬದುಕು ನಡೆದಿರುವ ಕೋಣೆಯಲ್ಲಿ ನಿಂತು ಡಬ್ಬಿಗಳನ್ನು ತೆರೆದು ನೋಡುತ್ತಾರೆ, ನಾನಾಗಿದ್ದರೆ ಏನು ಬೆಳೆಯುತ್ತಿದ್ದೆ ಎಂದು ಜೊತೆಗಿದ್ದವರನ್ನು ಕೇಳುತ್ತಾರೆ.

ಮಾತು ಹುಟ್ಟುವಂತೆ ವಿನ್ಯಾಸ ಮಾಡುವುದು

ಗುಂಡಿ ಒತ್ತಿದರೆ ದೀಪ ಹತ್ತುವ ಪ್ರದರ್ಶಿಕೆಗಳನ್ನು ನಾವೆಲ್ಲ ನೋಡಿದ್ದೇವೆ. 1962ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ತಲೆಮಾರುಗಳ ಮಕ್ಕಳು ವಿಜ್ಞಾನವನ್ನು ಕೈಯಿಂದ ಮುಟ್ಟಿ ಕಲಿತಿದ್ದಾರೆ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೌತವಿಜ್ಞಾನಿ ಫ್ರಾಂಕ್ ಆಪನ್‌ಹೈಮರ್ ಕಟ್ಟಿದ 'ಎಕ್ಸ್‌ಪ್ಲೊರೇಟೋರಿಯಂ' ಈ ಪದ್ಧತಿಯನ್ನು ಜಗತ್ತಿನಾದ್ಯಂತ ಹರಡಿತು. ಆದರೆ ಕೈ ಆಡಿಸುವುದಕ್ಕೂ ಮಾತು ಹುಟ್ಟುವುದಕ್ಕೂ ವ್ಯತ್ಯಾಸವಿದೆ. ಒಂದೇ ಸರಿಯುತ್ತರವಿರುವ ಪ್ರದರ್ಶಿಕೆಯಲ್ಲಿ ಉತ್ತರ ಸಿಕ್ಕೊಡನೆ ಜನ ಮುಂದಕ್ಕೆ ಹೋಗುತ್ತಾರೆ.

ಎಕ್ಸ್‌ಪ್ಲೊರೇಟೋರಿಯಂನವರೇ ಇದನ್ನು ಅಳೆದು ನೋಡಿದರು. ಒಂದು ನಿಗದಿತ ಪರಿಣಾಮವನ್ನು ತೋರಿಸುವ ಪ್ರದರ್ಶಿಕೆಗಳ ಮುಂದೆ ಜನ ಸರಾಸರಿ ಒಂದು ನಿಮಿಷದಷ್ಟು ನಿಂತರೆ, ಹಲವು ದಾರಿಗಳಲ್ಲಿ ಆಡಿ ನೋಡಬಹುದಾದ, ಕೊನೆ ತೆರೆದಿಟ್ಟ ಪ್ರದರ್ಶಿಕೆಗಳ ಮುಂದೆ ಮೂರು ನಿಮಿಷಕ್ಕೂ ಹೆಚ್ಚು ನಿಂತರು. ಎರಡು ನಿಮಿಷದ ವ್ಯತ್ಯಾಸ ಕೇಳಲು ಚಿಕ್ಕದು. ಆದರೆ ಅಪರಿಚಿತರಿಬ್ಬರು ಮಾತಿಗೆ ಇಳಿಯಲು ಬೇಕಾದದ್ದು ಆ ಎರಡು ನಿಮಿಷವೇ.

ಆದ್ದರಿಂದ ವಿನ್ಯಾಸಕಾರರು ಚಿಕ್ಕ ಚಿಕ್ಕ ಸಂಗತಿಗಳಿಗೆ ತಲೆ ಕೆಡಿಸಿಕೊಳ್ಳುತ್ತಾರೆ. ಪರದೆ ಒಬ್ಬರ ಅಳತೆಯದಾಗಿದ್ದರೆ ಒಬ್ಬರು ಬಳಸುತ್ತಾರೆ, ಉಳಿದವರು ಹಿಂದೆ ನಿಂತು ಸುಮ್ಮನೆ ನೋಡುತ್ತಾರೆ. ಅದೇ ವಿಷಯವನ್ನು ನಾಲ್ಕು ಕಡೆಯಿಂದ ಕೈ ಚಾಚಬಹುದಾದ ಮೇಜಿನ ಮೇಲೆ ಇಟ್ಟರೆ ಎದುರಿನವರ ಕೈ ಕಾಣುತ್ತದೆ, ಮುಖವೂ ಕಾಣುತ್ತದೆ. ಫಲಕದ ಮೊದಲ ಸಾಲು ಹೇಳಿಕೆಯಾಗಿದ್ದರೆ ಓದುಗರು ತಲೆಯಾಡಿಸುತ್ತಾರೆ. ಪ್ರಶ್ನೆಯಾಗಿದ್ದರೆ ಪಕ್ಕಕ್ಕೆ ತಿರುಗುತ್ತಾರೆ. ಪ್ರಶ್ನೆಯೂ ಹದವಾಗಿರಬೇಕು. ನೀರು ಉಳಿಸಬೇಕೇ ಎಂಬ ಪ್ರಶ್ನೆಗೆ ಬೇಡ ಎನ್ನುವವರಿಲ್ಲ. ಬೇಸಿಗೆಯಲ್ಲಿ ಉಳಿದಿರುವ ನೀರನ್ನು ಆಸ್ಪತ್ರೆ, ಕಾರ್ಖಾನೆ, ಮನೆ, ಉದ್ಯಾನಗಳಿಗೆ ಹೇಗೆ ಹಂಚುತ್ತೀರಿ ಎಂದು ಕೇಳಿ, ಕೈಗೆ ಹತ್ತೇ ಬಿಲ್ಲೆ ಕೊಟ್ಟರೆ ಪ್ರತಿ ಆಯ್ಕೆಗೂ ಬೆಲೆ ತೆರಬೇಕಾಗುತ್ತದೆ. ಒಂದು ಬಿಲ್ಲೆಯನ್ನು ಉದ್ಯಾನಕ್ಕೆ ಇಟ್ಟವರನ್ನು ಪಕ್ಕದವರು ಯಾಕೆ ಎಂದು ಕೇಳದೆ ಬಿಡುವುದಿಲ್ಲ.

ಹಿಂದೆ ಬಂದವರ ಆಯ್ಕೆಗಳು ಕಣ್ಣಿಗೆ ಕಾಣುವಂತಿರಬೇಕು. ಆದರೆ ತಾನು ಆಯ್ದುಕೊಳ್ಳುವ ಮೊದಲೇ ಕಂಡರೆ ಜನ ಗುಂಪಿನ ಜೊತೆ ಹೋಗುತ್ತಾರೆ. ಆದ್ದರಿಂದ ಮೊದಲು ಆಯ್ಕೆ, ಆಮೇಲೆ ಒಟ್ಟು ಚಿತ್ರ. ಕುಳಿತುಕೊಳ್ಳಲು ಜಾಗ ಬೇಕು. ನಿಂತವರು ಒಪ್ಪಂದದ ಮಾತಾಡಿ ಹೊರಡುತ್ತಾರೆ, ಭಿನ್ನಾಭಿಪ್ರಾಯಕ್ಕೆ ಬೆಂಚು ಬೇಕು.

ಎಲ್ಲಕ್ಕಿಂತ ಹೆಚ್ಚಾಗಿ, ಮನುಷ್ಯರು ಬೇಕು. ಎಕ್ಸ್‌ಪ್ಲೊರೇಟೋರಿಯಂ ಆರಂಭದ ವರ್ಷಗಳಿಂದಲೂ ಹೈಸ್ಕೂಲು ವಿದ್ಯಾರ್ಥಿಗಳನ್ನು ವಿವರಣೆಗಾರರಾಗಿ ಸಂಬಳ ಕೊಟ್ಟು ನೇಮಿಸಿಕೊಳ್ಳುತ್ತ ಬಂದಿದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 2008ರಲ್ಲಿ ಶುರುವಾದ ಸೈನ್ಸ್ ಗ್ಯಾಲರಿ ಇಂಥ ಯುವಜನರನ್ನು ಮೀಡಿಯೇಟರ್ ಎಂದು ಕರೆಯಿತು. ಅಲ್ಲಿಂದ ಬೆಳೆದ ಸೈನ್ಸ್ ಗ್ಯಾಲರಿಗಳ ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದ ಸೈನ್ಸ್ ಗ್ಯಾಲರಿ ಬೆಂಗಳೂರು ಕರ್ನಾಟಕ ಸರ್ಕಾರದ ಬೆಂಬಲದಿಂದ ರೂಪುಗೊಂಡಿತು. ಬಳ್ಳಾರಿ ರಸ್ತೆಯ ಅದರ ಸ್ವಂತ ಕಟ್ಟಡ 2024ರ ಜನವರಿಯಲ್ಲಿ 'ಕಾರ್ಬನ್' ಎಂಬ ಪ್ರದರ್ಶನದೊಂದಿಗೆ ತೆರೆಯಿತು. ಪ್ರವೇಶ ಉಚಿತ. ಕೋವಿಡ್ ಕಾಲದಲ್ಲಿ ಸಾಂಕ್ರಾಮಿಕದ ಬಗ್ಗೆ, ಬಳಿಕ ಮನಸ್ಸಿನ ಬಗ್ಗೆ ಅದು ಅಂತರ್ಜಾಲದಲ್ಲೇ ಪ್ರದರ್ಶನಗಳನ್ನು ನಡೆಸಿತ್ತು. ಬೆಂಗಳೂರಿನ ಪಿನ್ ಕೋಡಿನ ಮೊದಲ ಮೂರು ಅಂಕಿಗಳನ್ನು ಹೆಸರಿನಲ್ಲಿಟ್ಟುಕೊಂಡ 'ಸೈ560' ಎಂಬ ಪ್ರದರ್ಶನ ಈ ನಗರ ಮತ್ತು ವಿಜ್ಞಾನದ ನಂಟನ್ನೇ ವಿಷಯವಾಗಿ ಎತ್ತಿಕೊಂಡಿತು. ಅಲ್ಲಿಯೂ ಕೃತಿಗಳ ಪಕ್ಕದಲ್ಲಿ ಮೀಡಿಯೇಟರ್‌ಗಳು ಇರುತ್ತಾರೆ. ಕೇಳುವುದು, ಕೇಳಿದ್ದನ್ನು ಇನ್ನೊಬ್ಬರತ್ತ ತಿರುಗಿಸುವುದು, ಮೌನವಾಗಿ ನಿಂತವರನ್ನು ನೋಯಿಸದೆ ಮಾತಿಗೆ ಎಳೆಯುವುದು, ಇದೇ ಅಂಥವರ ಕಸುಬು. ತಂತ್ರಜ್ಞಾನಕ್ಕೆ ಹಣ ಸುರಿದು ಇಂಥವರಿಗೆ ಸಂಬಳ ಉಳಿಸುವ ಪ್ರದರ್ಶನಾಲಯ ತನ್ನ ಮುಖ್ಯ ಭಾಗವನ್ನೇ ಬಿಟ್ಟುಕೊಟ್ಟಂತೆ ಎಂದು ನಾನು ನಂಬಿದ್ದೇನೆ.

ರಿಯೊ ಮತ್ತು ಬರ್ಲಿನ್

ಈ ಕೆಲಸಕ್ಕೆಂದೇ ಇಡೀ ಕಟ್ಟಡಗಳೂ ಎದ್ದಿವೆ. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ 2015ರ ಡಿಸೆಂಬರ್‌ನಲ್ಲಿ ತೆರೆದ ನಾಳೆಯ ವಸ್ತುಸಂಗ್ರಹಾಲಯವನ್ನು ಸ್ಪೇನಿನ ವಾಸ್ತುಶಿಲ್ಪಿ ಸ್ಯಾಂಟಿಯಾಗೊ ಕಲಟ್ರಾವಾ ರೂಪಿಸಿದರು. ಹಳೆಯ ಬಂದರಿನ ದಂಡೆಯಿಂದ ನೀರಿನ ಮೇಲೆ ಚಾಚಿಕೊಂಡ ಆ ಕಟ್ಟಡದ ಚಾವಣಿಯ ಸೌರಫಲಕಗಳು ಸೂರ್ಯನತ್ತ ತಿರುಗುತ್ತವೆ. ಒಳಗಿನ ದಾರಿ ಐದು ಪ್ರಶ್ನೆಗಳ ಮೇಲೆ ನಿಂತಿದೆ: ನಾವು ಎಲ್ಲಿಂದ ಬಂದೆವು, ಯಾರು ನಾವು, ಎಲ್ಲಿದ್ದೇವೆ, ಎಲ್ಲಿಗೆ ಹೋಗುತ್ತಿದ್ದೇವೆ, ಹೇಗೆ ಹೋಗಲು ಬಯಸುತ್ತೇವೆ. ನಡುವೆ ಹತ್ತು ಮೀಟರ್ ಎತ್ತರದ ಆರು ಕಂಬಗಳು ಮನುಷ್ಯರು ಭೂಮಿಯನ್ನು ಬದಲಿಸಿದ ಬಗೆಯನ್ನು ತೋರಿಸುತ್ತವೆ. ಎಲ್ಲರೂ ನಿಮ್ಮಂತೆ ಬದುಕಿದರೆ ಎಷ್ಟು ಭೂಮಿಗಳು ಬೇಕು ಎಂದು ಲೆಕ್ಕ ಹಾಕುವ ಆಟ ಮುಂದಿನ ಭಾಗದಲ್ಲಿದೆ. ಕೊನೆಯ ಕೋಣೆ ಬ್ರೆಜಿಲ್‌ನ ಮೂಲನಿವಾಸಿಗಳು ಹಿರಿಯರ ಅರಿವನ್ನು ಹಂಚಿಕೊಳ್ಳಲು ಸೇರುವ ಮನೆಯ ಆಕಾರದಲ್ಲಿದೆ. ಮೊದಲ ವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು.

ಬರ್ಲಿನ್ನಿನ ಮುಖ್ಯ ರೈಲು ನಿಲ್ದಾಣದ ಬಳಿ 2019ರ ಸೆಪ್ಟೆಂಬರ್‌ನಲ್ಲಿ ತೆರೆದ ಫ್ಯೂಚುರಿಯಂ ಇಷ್ಟು ಭವ್ಯವಲ್ಲ. ಅದು ಮನುಷ್ಯ, ಪ್ರಕೃತಿ, ತಂತ್ರಜ್ಞಾನ ಎಂಬ ಮೂರು ಚಿಂತನೆಯ ಜಾಗಗಳಾಗಿ ಹಂಚಿಕೊಂಡು, ನಾವು ಹೇಗೆ ಬದುಕಲು ಬಯಸುತ್ತೇವೆ ಎಂಬ ಒಂದೇ ಪ್ರಶ್ನೆಯನ್ನು ಸುತ್ತುತ್ತದೆ. ಪ್ರವೇಶಕ್ಕೆ ಹಣವಿಲ್ಲ. ಕೈಯಾರೆ ಮಾಡಿ ನೋಡಲು ಪ್ರಯೋಗಶಾಲೆಯಿದೆ, ಸಭೆಗಳಿಗೆ ವೇದಿಕೆಯಿದೆ.

ಯಾರ ನಾಳೆ, ಯಾರ ಹಣ

ರಿಯೊದ ಆ ಕಟ್ಟಡದಿಂದ ಸ್ವಲ್ಪವೇ ದೂರದಲ್ಲಿ ವಲೋಂಗೊ ಎಂಬ ಹಳೆಯ ಹಡಗುಕಟ್ಟೆಯಿದೆ. ಲಕ್ಷಗಟ್ಟಲೆ ಆಫ್ರಿಕನ್ನರನ್ನು ಗುಲಾಮರನ್ನಾಗಿ ಇಳಿಸಿದ ಜಾಗ ಅದು. ಬಂದರು ಪ್ರದೇಶವನ್ನು ಹೊಸದಾಗಿ ಕಟ್ಟುವ ಯೋಜನೆಗಾಗಿ ಅಗೆಯುತ್ತಿದ್ದಾಗ 2011ರಲ್ಲಿ ಅದರ ಕಲ್ಲುಹಾಸು ಮತ್ತೆ ಬೆಳಕಿಗೆ ಬಂತು. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ನಾಳೆಗೆ ಇಷ್ಟು ದೊಡ್ಡ ಅರಮನೆ, ನಿನ್ನೆಯ ಗಾಯಕ್ಕೆ ಯಾಕಿಷ್ಟು ಕಡಿಮೆ ಎಂದು ರಿಯೊದ ಜನ ಕೇಳಿದ್ದು ಸಹಜ. ಅಲ್ಲೇ ತಲೆತಲಾಂತರದಿಂದ ಇದ್ದ ಬಡವರು ಆ ನಾಳೆಯಲ್ಲಿ ಎಲ್ಲಿರುತ್ತಾರೆ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂತು. ಭವಿಷ್ಯದ ಪ್ರದರ್ಶನ ಕಟ್ಟುವವರು ಬಹುಮಟ್ಟಿಗೆ ಓದಿದವರು, ನಗರದವರು. ಅವರು ಚಿತ್ರಿಸುವ 2050ರಲ್ಲಿ ಕಸ ಎತ್ತುವವರು, ಗೇಣಿ ರೈತರು, ವಲಸೆ ಬಂದ ಕಟ್ಟಡ ಕಾರ್ಮಿಕರು ಕಾಣಿಸದೆ ಹೋದರೆ ಅಲ್ಲಿ ಹುಟ್ಟುವ ಚರ್ಚೆಯಲ್ಲೂ ಅವರು ಇರುವುದಿಲ್ಲ.

ಹಣದ ಪ್ರಶ್ನೆಯೂ ಇಷ್ಟೇ ಗಟ್ಟಿ. 2021ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಗಾಳಿಯಿಂದ ಇಂಗಾಲವನ್ನು ಹೀರಿ ತೆಗೆಯುವ ತಂತ್ರಗಳ ಬಗ್ಗೆ ಪ್ರದರ್ಶನ ನಡೆಸಿತು. ಅದರ ಪ್ರಾಯೋಜಕರಲ್ಲಿ ಶೆಲ್ ಎಂಬ ತೈಲ ಕಂಪನಿಯೂ ಇತ್ತು. ಹವಾಮಾನ ಕಾರ್ಯಕರ್ತರು ಪ್ರತಿಭಟಿಸಿದರು. ಅದೇ ವಸ್ತುಸಂಗ್ರಹಾಲಯದ ಹಿಂದಿನ ನಿರ್ದೇಶಕ, ಹವಾಮಾನ ವಿಜ್ಞಾನಿ ಕ್ರಿಸ್ ರ‍್ಯಾಪ್ಲಿ, ತೈಲ ಕಂಪನಿಗಳ ಹಣ ಪಡೆಯುವ ನೀತಿಯನ್ನು ಒಪ್ಪದೆ ಸಲಹಾ ಮಂಡಳಿಯಿಂದ ಹೊರಬಂದರು. ಪ್ರದರ್ಶನದಲ್ಲಿದ್ದ ವಿಜ್ಞಾನ ತಪ್ಪೆಂದು ಯಾರೂ ಹೇಳಬೇಕಾಗಿರಲಿಲ್ಲ. ಇಂಗಾಲ ಹೀರುವ ಯಂತ್ರ ಮೇಜಿನ ಮೇಲಿದ್ದು, ತೈಲ ತೆಗೆಯುವುದನ್ನೇ ನಿಲ್ಲಿಸುವ ಆಯ್ಕೆ ಅದರ ಪಕ್ಕದಲ್ಲಿ ಅಷ್ಟೇ ಎದ್ದು ಕಾಣದಿದ್ದರೆ ಸಂಭಾಷಣೆ ಎತ್ತ ವಾಲುತ್ತದೆ ಎಂಬುದು ಅವರ ಆತಂಕ. 1939ರ ಕಾರು ಕಂಪನಿಯ ಆಸನ ನೆನಪಾದರೆ ಅದು ಅಕಾರಣವಲ್ಲ. ಇಂಥ ಪ್ರದರ್ಶನಕ್ಕೆ ಹೋದವರು ಪ್ರವೇಶದ್ವಾರದ ಬಳಿ ಪ್ರಾಯೋಜಕರ ಹೆಸರು ಓದುವುದು, ಒಳಗೆ ಯಾವ ಆಯ್ಕೆ ಇಲ್ಲವೇ ಇಲ್ಲ ಎಂದು ಹುಡುಕುವುದು ಒಳ್ಳೆಯ ಅಭ್ಯಾಸ.

ಬರೆದ ಚೀಟಿಗಳು ಎಲ್ಲಿಗೆ ಹೋಗುತ್ತವೆ?

ದೊಡ್ಡ ಕಟ್ಟಡ, ಯಂತ್ರ ಯಾವುದೂ ಇಲ್ಲದೆಯೂ ಇದನ್ನು ಮಾಡಬಹುದು. 2005ರ ಕತ್ರಿನಾ ಚಂಡಮಾರುತದ ನಂತರ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಸಾವಿರಾರು ಕಟ್ಟಡಗಳು ಪಾಳು ಬಿದ್ದಿದ್ದವು. 2010ರಲ್ಲಿ ಕಲಾವಿದೆ ಕ್ಯಾಂಡಿ ಚಾಂಗ್ 'ಇದು ಹೀಗಿರಬೇಕಿತ್ತು' ಎಂಬರ್ಥದ ಅಂಟುಚೀಟಿಗಳನ್ನು ಮುದ್ರಿಸಿ, ಪೆನ್ನಿನ ಜೊತೆ ಊರಿನಲ್ಲಿ ಹಂಚಿದರು. ಜನ ಪಾಳು ಗೋಡೆಗಳ ಮೇಲೆ ಕಿರಾಣಿ ಅಂಗಡಿ, ತೋಟ ಎಂದು ತಮಗೆ ಬೇಕಾದದ್ದನ್ನು ಬರೆದು ಅಂಟಿಸಿದರು. ಒಬ್ಬರ ಚೀಟಿಗೆ ಇನ್ನೊಬ್ಬರು ಕೆಳಗೆ ಉತ್ತರ ಬರೆದರು. ಕೆಲಸ ಮಾಡಿದ್ದು ಜಾಗ. ಸಭಾಂಗಣದಲ್ಲಿ ಕೇಳಿದ್ದರೆ ಬರುತ್ತಿದ್ದ ಉತ್ತರ ಬೇರೆ. ಆ ಗೋಡೆಯ ಮುಂದೆಯೇ ನಿಂತು ಬರೆದದ್ದು ಬೇರೆ.

ಆದರೆ ಚೀಟಿಗಳನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆಯಲ್ಲೇ ಬಹಳಷ್ಟು ಪ್ರದರ್ಶನಗಳು ಸೋಲುತ್ತವೆ. ಗೋಡೆ ತುಂಬ ಬಣ್ಣದ ಚೀಟಿಗಳು ಚಿತ್ರದಲ್ಲಿ ಚೆಂದ ಕಾಣುತ್ತವೆ. ಪ್ರದರ್ಶನ ಮುಗಿದ ದಿನ ಅವು ಕಸದ ಬುಟ್ಟಿಗೆ ಹೋದರೆ, ಮುಂದಿನ ಸಲ ಅಭಿಪ್ರಾಯ ಕೇಳಿದಾಗ ಜನ ಪೆನ್ನು ಎತ್ತುವುದಿಲ್ಲ. ಹವಾಯಿಯ ನಾಲ್ಕು ಕೋಣೆಗಳಿಗೆ ತೂಕ ಬಂದದ್ದು ಅವು ಒಂದು ನಿಜವಾದ ಯೋಜನಾ ಪ್ರಕ್ರಿಯೆಯ ಬಾಗಿಲಲ್ಲಿ ಇದ್ದುದರಿಂದ. ಆ ಮಾತುಕತೆಗಳ ಸರಣಿ 2008ರಲ್ಲಿ ಲಿಖಿತ ಯೋಜನೆಯಾಗಿ ಶಾಸನಸಭೆಯ ಮುಂದೆ ಬಂತು. ಆದ್ದರಿಂದ ಪ್ರದರ್ಶನ ರೂಪಿಸುವವರು ಮೊದಲ ದಿನವೇ ಉತ್ತರಿಸಬೇಕಾದ ಪ್ರಶ್ನೆಗಳಿವೆ. ಇಲ್ಲಿ ಹುಟ್ಟಿದ ಮಾತನ್ನು ಯಾವ ಕಚೇರಿ, ಯಾವ ಸಭೆ ಕೇಳಿಸಿಕೊಳ್ಳುತ್ತದೆ? ಯಾವ ತಾರೀಖಿನೊಳಗೆ? ಕೇಳಿಸಿಕೊಂಡ ಮೇಲೆ ಏನು ಮಾಡಿತು ಎಂದು ಬರೆದವರಿಗೆ ತಿಳಿಸುವವರು ಯಾರು?

ಕರ್ನಾಟಕದಲ್ಲಿ ಈ ಕೊಂಡಿ ಈಗಾಗಲೇ ಒಂದು ಕಡೆ ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಹೇಳಿದ್ದನ್ನು ಅಧ್ಯಕ್ಷರು, ಅಧಿಕಾರಿಗಳು ಎದುರಿಗೆ ಕುಳಿತು ಕೇಳಬೇಕು, ದಾಖಲಿಸಬೇಕು. ಶಾಲೆಯ ಶೌಚಾಲಯ, ಬಸ್ಸು, ಕುಡಿಯುವ ನೀರು ಮುಂತಾದ ಇಂದಿನ ದೂರುಗಳೇ ಅಲ್ಲಿ ಹೆಚ್ಚು ಬರುತ್ತವೆ, ಬರಬೇಕಾದದ್ದೂ ಅವೇ. ಅದಕ್ಕೆ ಒಂದು ವಾರ ಮೊದಲು ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಊರಿನ ಕೆರೆಯ ಮಾದರಿಯನ್ನು ಮಣ್ಣಿನಲ್ಲಿ ಮಾಡಿ ಮೂರು ಬಗೆಯಲ್ಲಿ ಇಡಬಹುದು: 2050ರಲ್ಲಿ ತುಂಬಿದ ಕೆರೆ, ನಿವೇಶನಗಳಾಗಿ ಹಂಚಿಹೋದ ಕೆರೆ, ಸೌರಫಲಕಗಳಿಂದ ಮುಚ್ಚಿದ ಕೆರೆ. ಪ್ರತಿಯೊಂದರ ಪಕ್ಕದಲ್ಲಿ ಆ ವರ್ಷದ ಒಂದು ಮನೆಯ ನೀರಿನ ಬಿಲ್ಲು, ಒಂದು ಊಟದ ತಟ್ಟೆ. ನೋಡಲು ಬಂದ ಅಜ್ಜಂದಿರು ಕೆರೆ ಹಿಂದೆ ಎಲ್ಲಿಯವರೆಗೆ ಇತ್ತು ಎಂದು ಕಡ್ಡಿ ನೆಟ್ಟು ತೋರಿಸಲಿ, ಮಕ್ಕಳು ಅವರನ್ನು ಪ್ರಶ್ನೆ ಕೇಳಲಿ, ಇಬ್ಬರೂ ಬರೆದ ಚೀಟಿಗಳನ್ನು ಮೀಡಿಯೇಟರ್ ಆಗಿ ನಿಂತ ಕಾಲೇಜು ವಿದ್ಯಾರ್ಥಿಯೊಬ್ಬರು ವಿಂಗಡಿಸಿ ಸಭೆಯ ದಿನ ಓದಲಿ. ಖರ್ಚು ಮಣ್ಣು, ಕಾಗದ ಮತ್ತು ಒಂದು ವಾರದ ಶ್ರಮ. ಸಭೆಯ ನಡಾವಳಿ ಪುಸ್ತಕದಲ್ಲಿ ಆ ಮಾತುಗಳು ದಾಖಲಾದರೆ, ಮುಂದಿನ ವರ್ಷದ ಸಭೆಯಲ್ಲಿ ಮಕ್ಕಳು ಆ ಪುಟ ತೆರೆಸಿ ಏನಾಯಿತು ಎಂದು ಕೇಳಬಹುದು.